ಗೆರೆ ತಪ್ಪಿದ ಅರಿಶಿನ

ಜೂನ್ 10, ಮಂಗಳವಾರ

ಐವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಶಾಲೆಗೆ ಸೇರಿದೆ. ಶಾಲೆ ಇರುವುದು ತಾಂಡೂರಿನಲ್ಲಿ, ಕಲ್ಲು ಪಾಲಿಶ್ ಮಾಡುವ ಒಂದು ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ. ನಮ್ಮೂರು ಜಹೀರಾಬಾದಿನಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ. ಗುರುವಿನ ಹೆಸರು ಮನೀಷಾ. ಹೈದರಾಬಾದಿನಲ್ಲಿ ಒಂಬತ್ತು ವರ್ಷ ಧಾರಾವಾಹಿಗಳ ಬಣ್ಣ ತಿದ್ದಿ, ಈಗ ಅಪ್ಪನ ಕಲ್ಲಿನ ವ್ಯಾಪಾರ ನೋಡಿಕೊಳ್ಳಲು ಊರಿಗೆ ಮರಳಿದ್ದಾಳೆ.

"ಕಾಕಾ, ಇಪ್ಪತ್ತಾರು ವರ್ಷ ಮದಿವಿ ವಿಡಿಯೋ ಮಾಡೀನಿ ಅಂತೀರಿ. ಇಷ್ಟು ದಿನ ಬಣ್ಣ ಯಾರು ನೋಡ್ತಿದ್ದರು?"

"ಕ್ಯಾಮೆರಾನೇ ನೋಡ್ತಿತ್ತು."

"ಅಂದ್ರ ಯಾರೂ ನೋಡ್ತಿದ್ದಿಲ್ಲ."

ಇದು ಮೊದಲ ಪಾಠವೋ ಮೊದಲ ಏಟೋ ತಿಳಿಯಲಿಲ್ಲ. ನಮ್ಮೂರಿನ ಉಳಿದ ಸ್ಟುಡಿಯೋದವರು ವಿಡಿಯೋವನ್ನು ಹೈದರಾಬಾದಿಗೆ ಕಳಿಸಿ ಬಣ್ಣ ಮಾಡಿಸಿ ತರಿಸಿಕೊಳ್ಳುತ್ತಾರೆ. ನಾನೂ ಹಾಗೆ ಮಾಡಿದರೆ ಅಂಚೆಯವನಾಗುತ್ತೇನೆ. ಅಂಚೆಯವನಾಗುವ ಆಸೆ ಏಳನೆಯ ವಯಸ್ಸಿನಲ್ಲಿ ಇತ್ತು, ಈಗಿಲ್ಲ.

ಕಲಿತದ್ದು: ಮೊದಲು ಬೆಳಕು ಸರಿಪಡಿಸಬೇಕು, ಆಮೇಲೆ ಬಣ್ಣಗಳ ಸಮತೂಕ, ಅಂದಚಂದ ಕಟ್ಟಕಡೆಗೆ. ಎಲ್ಲರೂ ಕಟ್ಟಕಡೆಯದರಿಂದಲೇ ಶುರು ಮಾಡುತ್ತಾರಂತೆ. ಹೊಸ ಕ್ಯಾಮೆರಾದಲ್ಲಿ ‘ಲಾಗ್’ ಎಂಬ ರೀತಿಯಲ್ಲಿ ತೆಗೆದರೆ ಚಿತ್ರ ಬೂದುಬೂದಾಗಿ ಬರುತ್ತದೆ. ಬಣ್ಣವೆಲ್ಲ ಒಳಗೇ ಮಲಗಿರುತ್ತದೆ, ನಾವು ಎಬ್ಬಿಸಬೇಕು. "ಹಿಟ್ಟು ಕಲಸಿಟ್ಟಾಂಗ ಕಾಕಾ. ರೊಟ್ಟಿ ಬಡಿಯೋದು ಇನ್ನಾ ಬಾಕಿ," ಎಂದಳು.

ಜೂನ್ 13, ಶುಕ್ರವಾರ

ಸ್ಟುಡಿಯೋದ ಒಳಕೋಣೆಯ ಗೋಡೆ ಗಿಳಿಹಸಿರು. ಹಸಿರು ಗೋಡೆಯ ನಡುವೆ ಕೂತವನ ಕಣ್ಣು ಹಸಿರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲವಂತೆ, ಮಾನಿಟರಿನ ಮೇಲೆ ಎಲ್ಲವನ್ನೂ ಕೆಂಪಾಗಿ ಕಾಣುತ್ತದಂತೆ. ಬೂದು ಬಣ್ಣ ಬಳಿಸಬೇಕು ಎಂಬುದು ಗುರುವಿನ ಆಜ್ಞೆ.

ಅಂಗಡಿಯ ಮುಂದಿನರ್ಧದಲ್ಲಿ ಹೆಂಡತಿ ಧನಲಕ್ಷ್ಮಿಯ ಮ್ಯಾಚಿಂಗ್ ಸೆಂಟರ್. ಸೀರೆಗೆ ಹೊಂದುವ ಕುಪ್ಪಸದ ಬಟ್ಟೆ, ಫಾಲ್, ಲಂಗ. ನಮ್ಮಿಬ್ಬರ ನಡುವೆ ಒಂದು ಬಟ್ಟೆಯ ಪರದೆ ಇದೆ, ಹತ್ತೊಂಬತ್ತು ವರ್ಷದ್ದು. ಅವಳ ಕಡೆ ಹೆಂಗಸರ ಮಾತು ಹೆಚ್ಚು, ನನ್ನ ಕಡೆ ಹೆಡ್‌ಫೋನು.

"ಬೂದಿ ಬಣ್ಣದ ಗ್ವಾಡಿ ಕಂಡು ಮಂದಿ ಯಾರು ಸತ್ತಾರಂತ ಕೇಳ್ತಾರ ನೋಡ್ರಿ," ಎಂದಳು. ಆದರೂ ನಾಲ್ಕು ಬೂದು ಲಂಗದ ಬಟ್ಟೆ ತಂದು ಬಾಗಿಲ ಬೆಳಕಿಗೆ ಹಿಡಿದಳು. "ಇದರಾಗ ನೀಲಿ ಅದ. ಇದರಾಗ ಹಸಿರು. ಇದು ಜರಾ ಕೆಂಪಿಗಿ ಹೊಂಟದ. ಇದು ಖರೇ ಬೂದಿ."

ನಾಲ್ಕೂ ಒಂದೇ ಎಂದು ನನಗೆ ಕಂಡಿತು. ವ್ಯತ್ಯಾಸ ಗೊತ್ತಾಯಿತು ಎಂದೆ.

ಜೂನ್ 17, ಮಂಗಳವಾರ

ಎರಡನೆಯ ಪಾಠ. ಕಣ್ಣನ್ನು ನಂಬಬೇಡ, ನಕ್ಷೆಯನ್ನು ನಂಬು. ತಟ್ಟೆಯಂತೆ ದುಂಡಗಿನ ಒಂದು ನಕ್ಷೆ ಇದೆ. ಚಿತ್ರದಲ್ಲಿರುವ ಬಣ್ಣಗಳು ಅದರ ಮೇಲೆ ಹೊಗೆಯಂತೆ ಕೂರುತ್ತವೆ. ನಡುವಿನಿಂದ ಅಂಚಿಗೆ ಒಂದು ಓರೆ ಗೆರೆ. ಮನುಷ್ಯ ಕಪ್ಪಗಿರಲಿ, ಬೆಳ್ಳಗಿರಲಿ, ಯಾವ ದೇಶದವನೇ ಆಗಿರಲಿ, ಅವನ ಚರ್ಮ ಆ ಗೆರೆಯ ಆಸುಪಾಸಿಗೇ ಬರಬೇಕು.

ಇಷ್ಟು ವರ್ಷದಲ್ಲಿ ನನಗೆ ಇಷ್ಟೊಂದು ಸಮಾಧಾನ ಕೊಟ್ಟ ಗೆರೆ ಮತ್ತೊಂದಿಲ್ಲ. ಮುಖ ನೋಡುವ ಗೋಜಿಲ್ಲ. ಗೆರೆಯ ಮೇಲಿದ್ದರೆ ಮನುಷ್ಯ, ಇಲ್ಲದಿದ್ದರೆ ತಪ್ಪು.

ಹೊರಗೆ ಅಂಗಳದಲ್ಲಿ ಕಲ್ಲಿನ ಎರಡು ರಾಶಿ, ಒಂದು ನೀಲಿ, ಒಂದು ಹಳದಿ. ಬಸ್ಸು ತಡವಾಗಿತ್ತು. ಎರಡನ್ನೂ ನೋಡುತ್ತ ಕೂತೆ. ಮೋಡ ಬಂದಾಗ ಹಳದಿಯೂ ನೀಲಿಯಾಯಿತು.

ಜೂನ್ 20, ಶುಕ್ರವಾರ

ಕಲಿತದ್ದನ್ನು ಕೆಲಸಕ್ಕೆ ಹಚ್ಚಿದೆ. ಲಾವಣ್ಯಳ ಮದುವೆ, ಮೇ ತಿಂಗಳಿನದು. ನಾರಾಯಣಖೇಡದಾಚೆ ಕಂಗ್ಟಿಯ ಹತ್ತಿರ ಕುರಿ ಸಾಕುವ ಭೀಮಶಾ, ಮಾಳಮ್ಮರ ಮಗಳು. ಗಂಡ ಬಾಲರಾಜ, ಮೊಗುಡಂಪಲ್ಲಿಯವನು. ನಾನು ಮೊದಲ ಬಾರಿಗೆ ಲಾಗ್‌ನಲ್ಲಿ ತೆಗೆದದ್ದೂ ಇದೇ ಮದುವೆ.

ಅರಿಶಿನ ಹಚ್ಚುವ ಭಾಗ ತೆರೆದೆ. ನಕ್ಷೆ ಹುಚ್ಚೆದ್ದಂತಿತ್ತು. ಲಾವಣ್ಯ ಗೆರೆಯ ಮೇಲೆ ಇರಲಿಲ್ಲ. ಗೆರೆ ಬಿಟ್ಟು ಹಳದಿಯ ಕಡೆ ಎರಡು ಬೆರಳು ಸರಿದಿದ್ದಳು. ಅವಳ ಸುತ್ತಲಿನ ಹೆಂಗಸರೂ ಅಷ್ಟೇ. ಲಾಗ್ ಕೊಟ್ಟ ತೊಂದರೆ ಎಂದುಕೊಂಡೆ. ಹಳದಿಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದೆ. ಮೂರು ತಾಸಿನಲ್ಲಿ ಒಬ್ಬೊಬ್ಬರೇ ಬಂದು ಗೆರೆಯ ಮೇಲೆ ಕೂತರು, ಬಸ್ಸಿನ ಸೀಟಿನಲ್ಲಿ ಕೂತಂತೆ. ಬಹಳ ಸ್ವಚ್ಛವಾಗಿ ಕಂಡಿತು.

ಎರಡು ನಿಮಿಷದ ತುಣುಕು ಮಾಡಿ ಎರಡೂ ಮನೆಗೆ ಕಳಿಸಿದೆ.

ಜೂನ್ 22, ಭಾನುವಾರ

ಭೀಮಶಾ ಹೆಬ್ಬೆಟ್ಟಿನ ಚಿತ್ರ ಕಳಿಸಿದ್ದಾನೆ. ಮೆಚ್ಚಿದನೋ, ಸಹಿ ಹಾಕಿದನೋ.

ಜೂನ್ 28, ಶನಿವಾರ

ಮಾಳಮ್ಮ ಬಂದಳು. ನನ್ನ ಕಡೆ ಬರದೆ ಧನಲಕ್ಷ್ಮಿಯ ಸ್ಟೂಲಿನ ಮೇಲೆ ಕೂತಳು. ಪರದೆಯ ಈಚೆಗೂ ಕೇಳುವಷ್ಟು ಜೋರಾಗಿ ಹೇಳಿದಳು.

"ಯಕ್ಕಾ, ನಿಮ್ಮ ಮನಿಯವರು ನನ್ನ ಮಗಳ ಅರಷಿಣ ತೊಳದಾರ."

ಹೆಡ್‌ಫೋನು ತೆಗೆದೆ.

ಸಂಗತಿ ಇಷ್ಟು. ಬಾಲರಾಜನಿಗೆ ಮೋನಮ್ಮ ಎಂಬ ಸೋದರತ್ತೆ ಇದ್ದಾಳೆ. ಗಂಡನೊಂದಿಗೆ ತವರಿನಲ್ಲೇ ನೆಲೆಸಿದವಳು, ಆ ಮನೆಯಲ್ಲಿ ಅವಳದೇ ಮಾತು. ಸೊಂಟ ಮುರಿದು ಮಂಚ ಹಿಡಿದಿದ್ದರಿಂದ ಮದುವೆಗೆ ಬಂದಿರಲಿಲ್ಲ. ನಾನು ಕಳಿಸಿದ ತುಣುಕನ್ನು ನೋಡಿ ಒಂದೇ ಮಾತು ಹೇಳಿದ್ದಾಳೆ: ಈ ಹುಡುಗಿಗೆ ಅರಷಿಣನೇ ಹಚ್ಚಿಲ್ಲ. ಅರಷಿಣ ಇಲ್ಲದ ಮದಿವಿ ಮದಿವಿನೇ ಅಲ್ಲ.

ಹೊಸ ಸೊಸೆ ಆಷಾಢಕ್ಕೆ ತವರಿಗೆ ಬರಬೇಕು. ಆಷಾಢ ಮೊನ್ನೆಯೇ ಹಿಡಿಯಿತು. ಕಳಿಸಿಲ್ಲ. ಕೇಳಿದರೆ, ಮದಿವಿ ಆದವರಿಗಿ ಆಷಾಢ, ಆಗದವರಿಗಿ ಎಲ್ಲಿದು ಎನ್ನುತ್ತಾಳಂತೆ.

"ಮದಿವಿನೇ ಆಗಿಲ್ಲಂದ್ರ ನನ್ನ ಮಗಳಿಗಿ ಯಾಕ ಇಟಗೊಂಡಾರ ಕೇಳ್ರಿ ಯಕ್ಕಾ!"

ಧನಲಕ್ಷ್ಮಿ ನಗು ತಡೆಯಲು ಹೋಗಿ ಕೆಮ್ಮಿದಳು. ಮಾಳಮ್ಮನೂ ನಕ್ಕಳು, ನಕ್ಕು ಮುಗಿಯುವ ಮೊದಲೇ ಕಣ್ಣು ಒರೆಸಿಕೊಂಡಳು. "ಪಂಚಮಿಗರ ಬರಬೇಕಲ್ರಿ ದೇವಿದಾಸಣ್ಣ. ಮೊದಲನೇ ಪಂಚಮಿ. ಜೋಕಾಲಿ ಕಟ್ಟೀವಿ."

ಪಂಚಮಿ ಮುಂದಿನ ತಿಂಗಳು ಇಪ್ಪತ್ತೊಂಬತ್ತಕ್ಕೆ. ಒಂದು ಗೆರೆ ಇಷ್ಟು ದೂರ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ.

ಜೂನ್ 30, ಸೋಮವಾರ

ಮೂಲ ವಿಡಿಯೋ ಸುಳ್ಳು ಹೇಳುವುದಿಲ್ಲ ಎಂದು ಯೋಚಿಸಿ, ಅರಿಶಿನದ ಭಾಗವನ್ನು ತಿದ್ದದೆ, ಮುಟ್ಟದೆ, ಹಾಗೆಯೇ ಮೊಗುಡಂಪಲ್ಲಿಗೆ ಕಳಿಸಿದ್ದೆ.

ಇವತ್ತು ಮಾಳಮ್ಮನ ಫೋನು. "ಅಣ್ಣಾ, ಮೊದಲು ಅರಷಿಣ ಹಚ್ಚಿಲ್ಲ ಅಂತಿದ್ದರು. ಈಗ ಬೂದಿ ಬಳದಾರ ಅಂತಾರ. ನಿಮಗ ಕೈಮುಗೀತೀನಿ, ಇನ್ನೇನೂ ಕಳಿಸಬ್ಯಾಡ್ರಿ."

ಜುಲೈ 1, ಮಂಗಳವಾರ

ಮನೀಷಾ ಕುರ್ಚಿಯಿಂದ ಬೀಳುವಷ್ಟು ನಕ್ಕಳು. ಕಲ್ಲು ಹೊರುವವರು ಬಂದು ಬಾಗಿಲಲ್ಲಿ ಇಣುಕಿದರು.

"ಕಾಕಾ, ಗೆರಿ ಇರೋದು ಚರ್ಮಕ್ಕ. ಅರಷಿಣಕ್ಕಲ್ಲ. ಆ ಗೆರಿ ಬರದವರ ಊರಾಗ ಮದಿಮಗಳಿಗಿ ಅರಷಿಣ ಹಚ್ಚಲ್ಲ."

"ನೀನೇ ಕಣ್ಣಿಗೆ ನಂಬಬ್ಯಾಡ ಅಂದಿದ್ದಿ."

"ಹೌದು. ತಲಿಗೆ ನಂಬಬ್ಯಾಡಂತ ಅಂದಿದ್ದಿಲ್ಲಲ್ಲ?"

ಆಮೇಲೆ ಗಂಭೀರವಾಗಿ ಹೇಳಿದಳು. ಚಿತ್ರದಲ್ಲಿ ಯಾವುದರ ಬಣ್ಣ ನಿಮಗೆ ಖಚಿತವಾಗಿ ಗೊತ್ತೋ ಅದನ್ನು ಹಿಡಿಯಿರಿ. ಬಿಳಿ ಗೋಡೆ, ಬೂದು ಕಲ್ಲು, ಏನಾದರೂ. ಅದನ್ನು ಸರಿಮಾಡಿ. ಉಳಿದದ್ದು ತಾನಾಗಿ ಅದರ ಹಿಂದೆ ಬರುತ್ತದೆ.

ಬಸ್ಸಿನಲ್ಲಿ ಯೋಚಿಸಿದೆ. ಆ ದಿನದ ಯಾವ ವಸ್ತುವಿನ ಬಣ್ಣ ನನಗೆ ಖಚಿತವಾಗಿ ಗೊತ್ತು? ನಾಲ್ಕು ತಾಸು ಅಲ್ಲೇ ನಿಂತಿದ್ದೆ. ಒಂದೂ ಗೊತ್ತಿಲ್ಲ.

ಜುಲೈ 4, ಶುಕ್ರವಾರ

ಚಿತ್ರದಲ್ಲಿ ಬಿಳಿ ಏನೂ ಇಲ್ಲ. ಮೈಲಾರಲಿಂಗನ ಹೆಸರಿನಲ್ಲಿ ಬೊಗಸೆಗಟ್ಟಲೆ ಭಂಡಾರ ತೂರಿದ್ದಾರೆ. ಭೀಮಶಾನ ಧೋತರ, ಗೋಡೆ, ಗಾಳಿ ಎಲ್ಲ ಅರಿಶಿನ. ಹಿಂದೆ ಕಟ್ಟಿದ್ದ ಎರಡು ಕುರಿಗಳನ್ನು ಬಿಳಿ ಎಂದು ನಂಬಿ ಸಮತೂಕ ಮಾಡಿದೆ. ಕುರಿ ಎಂದೂ ಬಿಳಿ ಅಲ್ಲ. ಇಷ್ಟು ವರ್ಷ ಈ ಸೀಮೆಯಲ್ಲಿದ್ದು ಇವತ್ತು ತಿಳಿಯಿತು.

ಜುಲೈ 6, ಭಾನುವಾರ

ಸಿಟ್ಟಿನಿಂದ ಇಡೀ ಚಿತ್ರಕ್ಕೆ ಹಳದಿ ಸುರಿದೆ. ಭೀಮಶಾನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಅಣ್ಣಾ, ಕುರಿಗಿ ಕಾಮಾಲಿ ಆಗ್ಯಾದೇನ್ರಿ?" ಎಂದು ಕೇಳಿದ.

ಜುಲೈ 7, ಸೋಮವಾರ

ಲಾವಣ್ಯಳ ಮುಖಕ್ಕೆ ಮಾತ್ರ ಹಳದಿ ಹಚ್ಚಿ, ಅದು ಅವಳನ್ನು ಹಿಂಬಾಲಿಸುವಂತೆ ಮಾಡಿದೆ. ಅವಳು ತಲೆ ತಿರುಗಿಸಿದಳು, ಹಳದಿ ತಿರುಗಲಿಲ್ಲ. ಹೋಗಿ ಮಾಳಮ್ಮನ ಮೊಣಕೈ ಹತ್ತಿತು, ಅಲ್ಲಿಂದ ಟಗರಿನ ಕೊಂಬಿಗೆ.

ಜುಲೈ 11, ಶುಕ್ರವಾರ

ಚಹಾ ತಂದ ಧನಲಕ್ಷ್ಮಿ ನನ್ನ ಹಿಂದೆ ನಿಂತಳು. ಅವಳು ನಿಂತದ್ದು ಗೊತ್ತಾದದ್ದು ಚಹಾ ಕೊಡದೇ ಇದ್ದುದರಿಂದ. ಮಾನಿಟರಿನ ಮೇಲೆ ನನ್ನ ಮೊದಲ ತುಣುಕು ಇತ್ತು, ತಪ್ಪು ಎಲ್ಲಿ ಶುರುವಾಯಿತೆಂದು ಹುಡುಕುತ್ತಿದ್ದೆ.

"ಈ ಪೋರಿ ಕುಪ್ಪಸದ ಬಟ್ಟಿ ಎಲ್ಲಿ ತಗೊಂಡಾಳ?"

"ನಿನ್ನ ಹತ್ರಾನೇ. ಮಾಳಮ್ಮನ ಕೂಡ ಬಂದಿದ್ದಳಲ್ಲ."

"ಸಾಧ್ಯನೇ ಇಲ್ಲ. ನಾ ನೀಲಿ ಕೊಟ್ಟಿಲ್ಲ. ನಾ ಬದನಿಕಾಯಿ ಕೊಟ್ಟೀನಿ."

"ನೆನಪದನ ನಿನಗ?"

"ಯಾರಿಗಿ ಏನು ಕೊಟ್ಟೀನಿ ಅನ್ನೋದು ನೆನಪಿಲ್ಲಂದ್ರ ಅಂಗಡಿ ಯಾಕ ಇಡಬೇಕು?" ಅವಳಿಗೆ ಖಂಡಿತ ಅವಮಾನವಾಗಿತ್ತು. "ನನ್ನ ಬದನಿಕಾಯಿಗೆ ಏನು ಮಾಡೀರಿ ನೀವು?"

ಹೋಗಿ ಥಾನನ್ನೇ ಹೊತ್ತು ತಂದಳು. ಲಾವಣ್ಯಳಿಗೆ ಕತ್ತರಿಸಿ ಕೊಟ್ಟು ಉಳಿದ ಬಟ್ಟೆ. ಟ್ಯೂಬ್‌ಲೈಟಿನ ಕೆಳಗೆ ತೋರಿಸಲು ಒಪ್ಪಲಿಲ್ಲ, ಅದು ಬಣ್ಣ ನೋಡುವ ಬೆಳಕೇ ಅಲ್ಲವಂತೆ. ಪರದೆ ಸರಿಸಿ, ಥಾನನ್ನು ಅಂಗಡಿಯ ಬಾಗಿಲಲ್ಲಿ ಹಗಲಿನ ಬೆಳಕಿಗೆ ಹಿಡಿದು ನಿಂತಳು. ಅಲ್ಲಿಂದ ನನ್ನ ಮಾನಿಟರ್ ಅವಳಿಗೆ ಕಾಣುತ್ತಿತ್ತು, ಇಲ್ಲಿಂದ ಥಾನು ನನಗೆ.

ನಾನು ತಿದ್ದಿದ್ದನ್ನೆಲ್ಲ ಅಳಿಸಿ ಬೂದು ಚಿತ್ರದಿಂದ ಮತ್ತೆ ಶುರು ಮಾಡಿದೆ. ಮುಖ ನೋಡಲಿಲ್ಲ, ಅರಿಶಿನ ನೋಡಲಿಲ್ಲ. ಬೆನ್ನ ಕಡೆ ಕುಪ್ಪಸದ ಒಂದು ಅಂಗೈಯಗಲ ಜಾಗದಲ್ಲಿ ಅರಿಶಿನ ತಾಗಿರಲಿಲ್ಲ. ಅದೊಂದನ್ನೇ ನೋಡುತ್ತ ಹೋದೆ. ಅವಳು ಬಾಗಿಲಿಂದ ಹೇಳುತ್ತಿದ್ದಳು, ಲಾರಿ ಹಿಂದಕ್ಕೆ ತೆಗೆಸುವವರ ಹಾಗೆ.

"ಇನ್ನಾ ಕೆಂಪಿಗಿ ಬರ್ರಿ. ಬರ್ರಿ. ಬರ್ರಿ. ಹೆಚ್ಚಾತು. ಹಿಂದ ಹೋಗ್ರಿ. ಜರಾ. ಅಷ್ಟಲ್ಲ."

ಫಾಲ್ ಕೇಳಲು ಬಂದಿದ್ದ ಇಬ್ಬರು ಹೆಂಗಸರು ಬೇಡವೆಂದರೂ ಸೇರಿಕೊಂಡರು. ಒಬ್ಬಳು ಸಾಕು ಎಂದಳು, ಒಬ್ಬಳು ಇನ್ನೂ ಬೇಕು ಎಂದಳು. ಧನಲಕ್ಷ್ಮಿ ಇಬ್ಬರನ್ನೂ ಕಣ್ಣಲ್ಲೇ ಕೂರಿಸಿದಳು.

"ನಿಂದರ್ರಿ! ಇದೇ. ಮುಟ್ಟಬ್ಯಾಡ್ರಿ ಇನ್ನ."

ಕೈ ಎತ್ತಿದೆ. ಆಗ ಮುಖದ ಕಡೆ ನೋಡಿದೆ. ಲಾವಣ್ಯಳ ಕೆನ್ನೆ, ಕುತ್ತಿಗೆ, ಕಿವಿಯ ಹಿಂದಿನ ಗುಳಿ ಎಲ್ಲ ಹಸಿ ಅರಿಶಿನ. ನಾನು ಅದಕ್ಕೆ ಕೈ ಹಚ್ಚಿರಲೇ ಇಲ್ಲ. ನಕ್ಷೆಯಲ್ಲಿ ಅವಳು ಗೆರೆಯಿಂದ ಎರಡು ಬೆರಳು ಆಚೆ ಕೂತಿದ್ದಳು, ಆರಾಮಾಗಿ.

ಚಹಾ ಆರಿಹೋಗಿತ್ತು. ಇಬ್ಬರೂ ಅದನ್ನೇ ಕುಡಿದೆವು.

ಜುಲೈ 14, ಸೋಮವಾರ

ಧನಲಕ್ಷ್ಮಿ ಇವತ್ತು ಉಟ್ಟದ್ದು ಈರುಳ್ಳಿ ಸಿಪ್ಪೆಯ ಬಣ್ಣ. ಒಣಗಿದ ಸಿಪ್ಪೆಯದಲ್ಲ, ಒಳಗಿನ ಎರಡನೆಯ ಪದರದ್ದು. ಕೇಳಿದೆ, ಹೌದು ಎಂದಳು. ಹೊಸದೇ ಎಂದು ಕೇಳಿದೆ. ಆರು ವರ್ಷದ್ದಂತೆ.

ನಡುವಿನ ಪರದೆಯನ್ನು ಸದ್ಯ ಸರಿಸಿಯೇ ಬಿಟ್ಟಿದ್ದೇನೆ. ಗಾಳಿಗೆ ಒಳ್ಳೆಯದು.

ಜುಲೈ 19, ಶನಿವಾರ

ಇಡೀ ಮದುವೆ ಮುಗಿಸಿದೆ. ತಾಂಡೂರಿನಲ್ಲಿ ಮನೀಷಾ ಎರಡು ಸಲ ನೋಡಿದಳು. ಎರಡನೆಯ ಸಲ, "ನಿಮ್ಮ ಟೀಚರ್ ಯಾರು ಕಾಕಾ, ನಾನಂತೂ ಅಲ್ಲ," ಎಂದಳು.

ಮೋನಮ್ಮನಿಗೆ ಕಳಿಸಲು ಹೋದರೆ ಮಾಳಮ್ಮ ತಡೆದಳು. ಮೊಬೈಲಿನಲ್ಲಿ ಆಕೆ ಇನ್ನು ಏನನ್ನೂ ನೋಡುವುದಿಲ್ಲವಂತೆ. ಆ ಫೋಟೋದವನನ್ನೇ ಕರೆತನ್ನಿ, ನನ್ನೆದುರಿಗೆ ತೋರಿಸಲಿ ಎಂದಿದ್ದಾಳೆ. ಯಾವಾಗ? ಆಕೆಗೆ ಫುರ್ಸತ್ ಆದಾಗ.

ಜುಲೈ 24, ಗುರುವಾರ

ಫುರ್ಸತ್ ಆಗಿಲ್ಲ. ಮಂಚದ ಮೇಲಿರುವವರಿಗೆ ಎಷ್ಟು ಕೆಲಸ.

ಜುಲೈ 27, ಭಾನುವಾರ

ಪಂಚಮಿಗೆ ಎರಡು ದಿನ. ಇವತ್ತು ಬರಹೇಳಿದರು. ಮಾಳಮ್ಮ ಕಂಗ್ಟಿಯಿಂದ ಬೆಳಗಿನ ಬಸ್ಸಿಗೆ ಬಂದಳು, ಇಬ್ಬರೂ ಮೊಗುಡಂಪಲ್ಲಿಗೆ ಹೋದೆವು. ದಾರಿಯುದ್ದಕ್ಕೂ ಆಕೆ ಮಾತಾಡಲಿಲ್ಲ. ಆಕೆ ಮಾತಾಡದಿದ್ದದ್ದನ್ನು ನಾನು ಇದೇ ಮೊದಲು ಕೇಳಿದ್ದು.

ಮೋನಮ್ಮ ನಡುಮನೆಯಲ್ಲಿ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಆಕೆಯ ಗಂಡ ಹೊರಗೆ ಕುರಿಯ ಉಣ್ಣೆ ಕತ್ತರಿಸುತ್ತ ತಲೆ ಎತ್ತದೆ "ಬರ್ರಿ" ಎಂದ. ಬಾಲರಾಜ ಟಿವಿಗೆ ಪೆನ್‌ಡ್ರೈವ್ ಚುಚ್ಚಿದ. ಲಾವಣ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತಳು, ತಾಯಿಯ ಕಡೆ ನೋಡದೆ. ನೋಡಿದರೆ ಇಬ್ಬರೂ ಅಳುತ್ತಿದ್ದರು.

ಅರಿಶಿನದ ಭಾಗ ಬಂತು. ಮೋನಮ್ಮ ಪೂರ್ತಿ ನೋಡಿದಳು. ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

"ಛಂದ ಬಂದದ. ಮೊದಲನೇದರಾಗ ಇದ್ದಿದ್ದಿಲ್ಲ, ಇದರಾಗ ಅದ. ಹೆಂಗ ಬಂತು ತಮ್ಮಾ?"

"ತಿದ್ದೀನ್ರಿ."

"ತಿದ್ದೋದಂದ್ರ ಹಾಕೋದು. ತೆಗಿಯಾಕ ಬರ್ತದಂದ್ರ ಹಾಕಾಕೂ ಬರ್ತದ. ನಾಳಿ ನನ್ನ ಸೊಂಟಾನೂ ನೆಟ್ಟಗ ಮಾಡಿ ತೋರಸ್ತಿ."

ಆಕೆ ಹೇಳಿದ್ದು ಸರಿಯಾಗಿತ್ತು. ಲಾಗ್ ಬಗ್ಗೆ ಹೇಳಲು ಹೋದೆ. ಥಾನಿನ ಬಗ್ಗೆ, ಸಮತೂಕದ ಬಗ್ಗೆ. ಕೈ ಎತ್ತಿ ನಿಲ್ಲಿಸಿದಳು.

"ಮಷೀನಿನ ಮಾತು ಬ್ಯಾಡ. ಹೆತ್ತಾಕಿ ಹಚ್ಚೀವಿ ಅಂತ ಹೇಳೇ ಹೇಳ್ತಾಳ, ಆಕಿ ಮಾತೂ ಬ್ಯಾಡ. ನೀ ಹೊರಗಿನವ. ನೀ ಅಲ್ಲಿ ಇದ್ದಿ?"

"ಇದ್ದೆ."

"ಕಣ್ಣಿಲೆ ನೋಡಿದಿ?"

ಇಪ್ಪತ್ತಾರು ವರ್ಷ ಇಂಥ ಪ್ರಶ್ನೆಗೆ ನಾನು ಒಂದೇ ಉತ್ತರ ಕೊಟ್ಟಿದ್ದೇನೆ: ಕ್ಯಾಮೆರಾದಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. "ನೋಡೀನಿ" ಎಂದೆ.

"ಹಂಗಾದ್ರ ಹೇಳು. ಮೊದಲು ಯಾರು ಹಚ್ಚಿದರು?"

ಅದು ವಿಡಿಯೋದಲ್ಲಿ ಇಲ್ಲ. ಮಾಳಮ್ಮನೇ ಅಂದು ನನಗೆ ಹೇಳಿ ಅಷ್ಟು ಭಾಗವನ್ನು ಅಳಿಸಿಹಾಕಿಸಿದ್ದಳು. ಈಗ ಆಕೆ ಕಣ್ಣು ದೊಡ್ಡದು ಮಾಡಿ ನನ್ನನ್ನೇ ನೋಡುತ್ತಿದ್ದಳು. ಹೇಳಿದರೆ ಕೆಡಬಹುದಿತ್ತು, ಹೇಳದಿದ್ದರೆ ಕೆಟ್ಟಂತೆಯೇ ಇತ್ತು.

"ಬೊಮ್ರಾಸಪೇಟದಿಂದ ಬಂದ ಒಬ್ಬಾಕಿ," ಎಂದೆ. "ಮುದುಕಿ. ಗಿಡ್ಡಕ ಇದ್ದಳು, ಎರಡೂ ಕಡೆ ಮೂಗು ಚುಚ್ಚಿಸಿದ್ದಳು. ಬಟ್ಟಲಿಗೆ ಎಡಗೈ ಹಾಕಿಬಿಟ್ಟಳು. ಎಡಗೈಲೆನೇ ಹಚ್ಚಿದಳು. ಹೆಣ್ಮಕ್ಕಳೆಲ್ಲ ‘ಹೋ’ ಅಂತ ಒದರಿದರು. ಗಾಬರಿಯಾಗಿ ಬಲಗೈಗೆ ಬದಲಿಸಿದಳು. ಆ ಗಡಿಬಿಡಿಯಾಗ ಅರಷಿಣ ಹೋಗಿ ಹುಡುಗಿ ಕಣ್ಣಾಗ ಬಿತ್ತು. ಕಣ್ಣು ಕೆಂಪಾದವು. ಒಬ್ಬರು ನೀರು ತಂದರು, ಒಬ್ಬರು ಊದಿದರು. ನಾ ನಕ್ಕೆ ಅಂತ ಆ ಮುದುಕಿ ಬಂದು ಉಳಿದದ್ದು ನನ್ನ ಗಲ್ಲಕ್ಕ ಒರಸಿದಳು. ಮೂರು ಸಲ ಸೋಪು ಹಚ್ಚಿದೆ, ಹೋಗಲಿಲ್ಲ. ಹೆಂಡತಿ ಎರಡು ದಿನ ನಕ್ಕಳು."

ಮಾಳಮ್ಮ ಹಣೆಗೆ ಕೈ ಹಚ್ಚಿ ಕೂತುಬಿಟ್ಟಳು. ಎಡಗೈಯ ಅರಿಶಿನ. ಇದನ್ನು ಮುಚ್ಚಿಡಲೆಂದೇ ಆಕೆ ಎರಡು ತಿಂಗಳು ಬಾಯಿ ಬಿಟ್ಟಿರಲಿಲ್ಲ.

ಮೋನಮ್ಮನ ಮುಖದಲ್ಲಿ ಏನೋ ಅಲುಗಾಡಿತು.

"ಬಂಡಿ?" ಎಂದಳು. "ಎಡಚಿ ಬಂಡಮ್ಮ?"

"ಹೌದ್ರಿ," ಎಂದಳು ಮಾಳಮ್ಮ, ಸಣ್ಣ ದನಿಯಲ್ಲಿ. "ನಮ್ಮ ದೊಡ್ಡವ್ವ."

ಮೋನಮ್ಮ ನಗಲು ಶುರು ಮಾಡಿದಳು. ಸೊಂಟ ಹಿಡಿದುಕೊಂಡು, "ಯವ್ವಾ, ಸತ್ತೆ, ನಗಸಬ್ಯಾಡ್ರಿ," ಎನ್ನುತ್ತ ನಕ್ಕಳು. "ಯಾರ ಮದಿವಿ ಇದ್ದರೂ ಆಕಿನೇ ಮುಂದ! ನನ್ನ ಮದಿವ್ಯಾಗೂ ಆಕಿನೇ! ಎಡಗೈಲೆ! ನನ್ನ ಕಣ್ಣಾಗೂ ಹಾಕಿದ್ದಳು! ನಲವತ್ತು ವರ್ಷಾತು, ಆ ಮುದುಕಿ ಇನ್ನಾ ಕಲಿತಿಲ್ಲ!" ಹೊರಗೆ ಉಣ್ಣೆ ಕತ್ತರಿಸುತ್ತಿದ್ದ ಗಂಡ ಕತ್ತರಿ ನಿಲ್ಲಿಸಿ, "ಹೌದು, ಮೂರು ದಿನ ಕೆಂಪ ಕಣ್ಣು, ನಾ ಅಂಜಿದ್ದೆ," ಎಂದು ಹೇಳಿ ಮತ್ತೆ ಕತ್ತರಿಸತೊಡಗಿದ.

ಕಣ್ಣೀರು ಒರೆಸಿಕೊಂಡು ಮೋನಮ್ಮ ಅಡುಗೆಮನೆಯ ಕಡೆ ನೋಡಿದಳು. "ಕಣ್ಣಾಗ ಬಿತ್ತಂದ್ರ ಬರೋಬರ್ ಹಚ್ಚ್ಯಾರ. ನಿಂತು ಏನು ನೋಡ್ತಿ? ಗಂಟು ಕಟ್ಟು."

ಗಂಟು ಕಟ್ಟಿಯೇ ಇತ್ತು. ಬಾಗಿಲ ಹಿಂದಿನಿಂದ ಎತ್ತಿಕೊಂಡಳು, ಅಷ್ಟೇ.

ಹೊರಡುವಾಗ ಮೋನಮ್ಮ ಲಾವಣ್ಯಳನ್ನು ಮಂಚದ ಹತ್ತಿರ ಬಗ್ಗಿಸಿಕೊಂಡು ಎರಡೂ ಕೆನ್ನೆಗೆ ಅರಿಶಿನ ಹಚ್ಚಿದಳು. ನೀರಿನಲ್ಲಿ ಕಲಸಿದ್ದು, ದಪ್ಪಗೆ, ಯಾರೂ ಇನ್ನೊಮ್ಮೆ ಅನುಮಾನಿಸದಷ್ಟು. ಕ್ಯಾಮೆರಾ ನನ್ನ ಹೆಗಲಲ್ಲೇ ಇತ್ತು. ಇದು ಈಗ ಬರೆಯುತ್ತಿರುವಾಗ ನೆನಪಾಗುತ್ತಿದೆ.

ಬಸ್ಸಿನಲ್ಲಿ ತಾಯಿ ಮಗಳು ನನ್ನ ಮುಂದಿನ ಸೀಟಿನಲ್ಲಿ ಕೂತರು. ಲಾವಣ್ಯ ಕಿಟಕಿಯ ಕಡೆ. ಮಾತಾಡುತ್ತಲೇ ನಿದ್ದೆ ಹೋದಳು, ಕೆನ್ನೆ ಗಾಜಿಗೆ ಒತ್ತಿತ್ತು. ಜಹೀರಾಬಾದಿನಲ್ಲಿ ಎಬ್ಬಿಸಿದಾಗ ಗಾಜಿನ ಮೇಲೆ ಅಂಗೈಯಷ್ಟು ಅರಿಶಿನ ಉಳಿದಿತ್ತು. ಕಂಡಕ್ಟರ್ ಗೊಣಗಿದ. ಲಾವಣ್ಯ ನಾಚಿ ಸೆರಗಿನಿಂದ ಒರೆಸಲು ಹೋದಳು.

ಮಾಳಮ್ಮ ಅವಳ ಕೈ ಹಿಡಿದಳು.

"ಇರಲಿ ಬಿಡು. ಒರಸಬ್ಯಾಡ. ಬಸ್ಸು ಊರೂರು ತಿರಗ್ತದ, ಎಲ್ಲಾರಿಗೂ ಕಾಣಲಿ."